ಸಾವಿರ ಗುಡ್ಡಗಳ ನಾಡಿನಲ್ಲಿ ನ್ಯಾಯವಿಚಾರ

ಯುದ್ಧವು ನಿಂತ ದಿನವೇ ಶಾಂತಿಯು ನೆಲೆಗೊಳ್ಳುವುದೆಂಬ ಮಾತಿಗೆ ಇತಿಹಾಸದ ಒಪ್ಪಿಗೆಯಿಲ್ಲ. ಕೋವಿಯ ಸದ್ದಡಗಿದ ಮೇಲೆ ಕಣ್ಣಿಗೆ ಬೀಳುವ ಸುಟ್ಟ ಮನೆಗಳು, ಬೀಳುಬಿದ್ದ ಹೊಲಗಳು, ಒಡೆದ ಸೇತುವೆಗಳು, ಇವೆಲ್ಲವೂ ಎಣಿಕೆಗೆ ಸಿಕ್ಕುವ ಹಾನಿಗಳು. ಧನದಿಂದಲೂ ದುಡಿಮೆಯಿಂದಲೂ ಇವನ್ನು ಒಂದು ಮಟ್ಟಿಗೆ ತುಂಬಿಕೊಡಬಹುದು. ಆದರೆ ಕೊಂದವನೂ, ಕೊಲೆಗೀಡಾದವರ ಬಂಧುವೂ ಒಂದೇ ಊರಿನಲ್ಲಿ, ಒಂದೇ ಬಾವಿಯ ನೀರನ್ನು ಸೇದುತ್ತ ಬಾಳಬೇಕಾಗಿ ಬಂದಾಗ ಹುಟ್ಟುವ ಪ್ರಶ್ನೆಯು ಬೇರೆಯದು. ಅಪರಾಧಿಗಳೆಲ್ಲರನ್ನೂ ದಂಡಿಸಹೊರಟರೆ ನಾಡೇ ಸೆರೆಮನೆಯಾದೀತು. ಯಾರನ್ನೂ ದಂಡಿಸದೆ ಬಿಟ್ಟರೆ ನೊಂದವರಿಗೆ ರಾಜ್ಯವಿದ್ದೂ ಇಲ್ಲದಂತಾದೀತು. ಈ ಸಂಕಟವನ್ನು ಇತ್ತೀಚಿನ ಚರಿತ್ರೆಯಲ್ಲಿ ಅತ್ಯಂತ ಕಠೋರವಾದ ರೂಪದಲ್ಲಿ ಎದುರಿಸಿದ ದೇಶವು ಆಫ್ರಿಕಾ ಖಂಡದ ನಡುವಣ ರುವಾಂಡಾ. ಅಲ್ಲಿಯ ಜನರು ಹಿಡಿದ ದಾರಿಯನ್ನೂ, ಆ ದಾರಿಯಲ್ಲಿ ಅವರು ಗಳಿಸಿದುದನ್ನೂ, ಗಳಿಸಲಾರದೆ ಹೋದುದನ್ನೂ ವಿವೇಚಿಸುವುದು ಈ ಲೇಖನದ ಉದ್ದೇಶವಾಗಿದೆ.

೧. ನಾಡು ಮತ್ತು ಭೇದದ ಮೂಲ

ರುವಾಂಡಾ ಬಹು ಚಿಕ್ಕ ದೇಶ. ಅದರ ವಿಸ್ತೀರ್ಣವು ಸುಮಾರು ೨೬,೦೦೦ ಚದರ ಕಿಲೋಮೀಟರು. ಎಂದರೆ ಕರ್ನಾಟಕದ ಏಳನೆಯ ಒಂದು ಪಾಲಿಗಿಂತಲೂ ಕಡಮೆ. ಎತ್ತ ನೋಡಿದರೂ ಗುಡ್ಡಗಳೇ ಕಾಣುವುದರಿಂದ ಅದಕ್ಕೆ ಸಾವಿರ ಗುಡ್ಡಗಳ ನಾಡೆಂಬ ಹೆಸರು ಬಂದಿದೆ. ಅಲ್ಲಿಯವರು ಊರಿನ ಹೆಸರಿಗಿಂತ ಮೊದಲು ತಮ್ಮ ಗುಡ್ಡದ ಹೆಸರನ್ನು ಹೇಳುವರು. ಹುಟು, ಟುಟ್ಸಿ, ಟ್ವಾ ಎಂಬ ಮೂರು ಪಂಗಡದವರು ಪೂರ್ವದಿಂದಲೂ ಅದೇ ಗುಡ್ಡಗಳ ಮೇಲೆ ಕೂಡಿ ಬಾಳಿದವರು. ಹುಟುಗಳು ಬಹುಸಂಖ್ಯಾತರಾಗಿ ಹೆಚ್ಚಾಗಿ ಬೇಸಾಯವನ್ನೂ, ಟುಟ್ಸಿಗಳು ಗೋಪಾಲನೆಯನ್ನೂ ಅವಲಂಬಿಸಿದ್ದರು. ಮೂವರ ಭಾಷೆಯೂ ಒಂದೇ. ಅವರವರಲ್ಲಿ ಮದುವೆಗಳೂ ನಡೆಯುತ್ತಿದ್ದುವು.

ಮೊದಲು ಜರ್ಮನರೂ, ಮೊದಲನೆಯ ಮಹಾಯುದ್ಧದ ಬಳಿಕ ಬೆಲ್ಜಿಯಮಿನವರೂ ಈ ನಾಡನ್ನು ಆಳಿದರು. ಬೆಲ್ಜಿಯಮಿನ ಅಧಿಕಾರಿಗಳು ಟುಟ್ಸಿ ನಾಯಕರ ಮೂಲಕ ಆಳ್ವಿಕೆ ನಡೆಸಿ, ೧೯೩೦ರ ದಶಕದಲ್ಲಿ ಪ್ರತಿಯೊಬ್ಬನ ಗುರುತಿನ ಚೀಟಿಯಲ್ಲಿ ಅವನ ಪಂಗಡವನ್ನು ಬರೆಯಿಸಿದರು. ಅಲ್ಲಿಯವರೆಗೆ ಸ್ಥಿತಿಗತಿಗಳೊಡನೆ ಸ್ವಲ್ಪವಾದರೂ ಬದಲಾಗಬಹುದಾಗಿದ್ದ ಭೇದವು ಕಾಗದದ ಮೇಲೇರಿ ತಂದೆಯಿಂದ ಮಗನಿಗೆ ಇಳಿಯುವ ಕಟ್ಟಳೆಯಾಯಿತು. ೧೯೫೯ರ ದಂಗೆಯಲ್ಲಿ ಟುಟ್ಸಿಗಳ ಮೇಲೆ ಕೈಮಾಡಲಾಯಿತು; ಸಹಸ್ರಾರು ಜನ ನೆರೆಯ ದೇಶಗಳಿಗೆ ಓಡಿದರು. ೧೯೬೨ರ ಜುಲೈ ೧ರಂದು ಸ್ವಾತಂತ್ರ್ಯವು ದೊರೆತರೂ ಗುರುತಿನ ಚೀಟಿಯ ಆ ಒಂದು ಸಾಲು ಅಳಿಯಲಿಲ್ಲ. ಉಗಾಂಡಾದಲ್ಲಿ ಬೆಳೆದ ನಿರಾಶ್ರಿತರ ಮಕ್ಕಳು ರುವಾಂಡಾ ದೇಶಭಕ್ತ ರಂಗವೆಂಬ ಪಕ್ಷವನ್ನು ಕಟ್ಟಿ ೧೯೯೦ರ ಅಕ್ಟೋಬರ್ ೧ರಂದು ಗಡಿ ದಾಟಿ ಬಂದರು. ಮೂರು ವರ್ಷಗಳ ಕಾದಾಟದ ಮೇಲೆ ೧೯೯೩ರ ಆಗಸ್ಟಿನಲ್ಲಿ ಟಾಂಜಾನಿಯಾದ ಅರುಷಾ ಪಟ್ಟಣದಲ್ಲಿ ಸಂಧಿಯಾಯಿತು. ಆದರೆ ಸಂಧಿಪತ್ರದ ಮಸಿ ಆರುವ ಮುನ್ನವೇ ಒಂದು ಕಡೆಯವರು ಆಯುಧಗಳನ್ನು ಕೂಡಿಹಾಕತೊಡಗಿದ್ದರು.

೨. ನೂರು ದಿನಗಳು

೧೯೯೪ರ ಏಪ್ರಿಲ್ ೬ರ ರಾತ್ರಿ ರಾಷ್ಟ್ರಾಧ್ಯಕ್ಷ ಹಬ್ಯಾರಿಮಾನಾ ಪಯಣಿಸುತ್ತಿದ್ದ ವಿಮಾನವನ್ನು ರಾಜಧಾನಿಯಾದ ಕಿಗಾಲಿಯ ಬಳಿ ಹೊಡೆದುರುಳಿಸಲಾಯಿತು. ಮರುದಿನವೇ ಪ್ರಧಾನಮಂತ್ರಿಣಿ ಅಗಾಥಾ ಉವಿಲಿಂಗಿಯಿಮಾನಾ ಅವರನ್ನೂ, ಅವರ ಕಾವಲಿಗಿದ್ದ ಹತ್ತು ಮಂದಿ ಬೆಲ್ಜಿಯನ್ ಸೈನಿಕರನ್ನೂ ಕೊಲ್ಲಲಾಯಿತು. ಅಲ್ಲಿಂದ ಮುಂದೆ ಸುಮಾರು ನೂರು ದಿನಗಳ ಕಾಲ ನಡೆದುದು ಜನಾಂಗಹತ್ಯೆ. ದಾರಿದಾರಿಗೆ ತಡೆಗಳನ್ನು ಕಟ್ಟಿ ಗುರುತಿನ ಚೀಟಿಯನ್ನು ಕೇಳಿದರು. ಟುಟ್ಸಿಯೆಂದು ಬರೆದಿದ್ದರೆ ಅದೇ ಮರಣದಂಡನೆಯಾಯಿತು. ರೇಡಿಯೋ ನಿಲಯವೊಂದು ಹಗಲಿರುಳು ದ್ವೇಷವನ್ನು ಬಿತ್ತಿ, ಅಡಗಿದವರ ಸುಳಿವನ್ನು ಕೊಲೆಗಾರರಿಗೆ ಕೊಟ್ಟಿತು. ಕೊಂದವರಲ್ಲಿ ಸೈನಿಕರೂ ಪಡೆಗಳೂ ಇದ್ದುದಲ್ಲದೆ, ನೆರೆಮನೆಯವನೂ, ಶಾಲೆಯ ಗುರುವೂ, ಊರಿನ ಅಧಿಕಾರಿಯೂ ಇದ್ದರು. ಸತ್ತವರ ಸಂಖ್ಯೆಯನ್ನು ವಿಶ್ವಸಂಸ್ಥೆಯು ಸುಮಾರು ೮ ಲಕ್ಷವೆಂದೂ, ರುವಾಂಡಾ ಸರಕಾರವು ೧೦ ಲಕ್ಷಕ್ಕೂ ಮೇಲೆಂದೂ ಗಣಿಸಿವೆ. ಕೊಲೆಗೆ ಒಪ್ಪದ ಹುಟುಗಳೂ ಈ ಸಂಖ್ಯೆಯಲ್ಲಿ ಸೇರಿದ್ದಾರೆ.

ಧರ್ಮಸ್ಥಾನಗಳನ್ನು ನಂಬಿ ನಡೆಯುವ ಜನರು ಈ ಕಥೆಯಲ್ಲಿ ವಿಶೇಷವಾಗಿ ಮನಸ್ಸಿಟ್ಟು ತಿಳಿಯತಕ್ಕ ಭಾಗವೊಂದುಂಟು. ಹಿಂದಿನ ದಂಗೆಗಳಲ್ಲಿ ಇಗರ್ಜಿಗಳಲ್ಲಿ ಆಶ್ರಯ ಪಡೆದವರು ಉಳಿದಿದ್ದರು. ಆದುದರಿಂದ ಈ ಸಲವೂ ಸಹಸ್ರಾರು ಜನ ಇಗರ್ಜಿಗಳನ್ನೇ ಮರೆಹೊಕ್ಕರು. ನ್ಯಾಮಾಟಾ, ಂಟರಾಮಾ ಮೊದಲಾದ ಊರುಗಳ ಇಗರ್ಜಿಗಳೇ ಅವರ ವಧ್ಯಸ್ಥಾನಗಳಾದುವು. ನ್ಯಾಂಗೆ ಎಂಬಲ್ಲಿ ಒಳಗೆ ಸಾವಿರಕ್ಕೂ ಮಿಕ್ಕು ಜನರಿರುವಾಗಲೇ ಯಂತ್ರದಿಂದ ಕಟ್ಟಡವನ್ನು ಕೆಡವಲಾಯಿತು. ಅದರಲ್ಲಿ ಪಾಲುಗೊಂಡ ಪಾದ್ರಿ ಅಥನಾಸ್ ಸೆರೋಂಬಾನಿಗೆ ಅಂತರರಾಷ್ಟ್ರೀಯ ನ್ಯಾಯಸ್ಥಾನವು ೨೦೦೮ರಲ್ಲಿ ಜೀವಾವಧಿ ಶಿಕ್ಷೆಯನ್ನು ವಿಧಿಸಿತು. ಇದಕ್ಕೆ ಪ್ರತಿಯಾಗಿ ಗಿಸೆನ್ಯಿಯಲ್ಲಿ ಫೆಲಿಸಿತೆ ನಿಯಿಟೆಗೆಕಾ ಎಂಬ ಹುಟು ಸೇವಾವ್ರತೆಯು ತನ್ನನ್ನು ಮರೆಹೊಕ್ಕವರನ್ನು ಬಿಟ್ಟುಕೊಡಲೊಲ್ಲದೆ, ಸೈನ್ಯಾಧಿಕಾರಿಯಾಗಿದ್ದ ತನ್ನ ಸೋದರನೇ ಪಾರಾಗಲು ಹೇಳಿಕಳುಹಿಸಿದರೂ ಕದಲದೆ, ಅವರೊಡನೆಯೇ ಪ್ರಾಣವನ್ನು ತೆತ್ತಳು. ಪವಿತ್ರ ಸ್ಥಳವು ತಾನಾಗಿ ಯಾರನ್ನೂ ಕಾಯಲಿಲ್ಲ. ಅಲ್ಲಿದ್ದವರ ನಿಷ್ಠೆಯಿದ್ದಲ್ಲಿ ಆಶ್ರಯವು ಆಶ್ರಯವಾಯಿತು, ಇಲ್ಲದಲ್ಲಿ ಬೋನಾಯಿತು. ೨೦೧೭ರಲ್ಲಿ ಪೋಪ್ ಫ್ರಾನ್ಸಿಸರು ತಮ್ಮ ಧರ್ಮಸಭೆಯ ಹಾಗೂ ಅದರ ಜನರ ಪಾಪಗಳಿಗಾಗಿ ದೇವರ ಕ್ಷಮೆಯನ್ನು ಬೇಡಿದರು.

ಲೋಕದ ರಾಷ್ಟ್ರಗಳು ಆಗ ಏನು ಮಾಡುತ್ತಿದ್ದುವು? ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕನಾದ ಕೆನಡಾದ ಸೇನಾನಿ ರೋಮಿಯೊ ಡಲೇರ್ ಆ ವರ್ಷದ ಜನವರಿಯಲ್ಲಿಯೇ ಆಯುಧಗಳ ರಾಶಿಯ ಸುದ್ದಿಯನ್ನು ಮೇಲಿನವರಿಗೆ ತಿಳಿಸಿ, ಅವನ್ನು ಹಿಡಿಯಲು ಹೊರಟಾಗ ಅಪ್ಪಣೆ ದೊರೆಯಲಿಲ್ಲ. ಕೊಲೆಗಳು ನಡೆಯುತ್ತಿರುವಾಗಲೇ, ಏಪ್ರಿಲ್ ೨೧ರಂದು, ಭದ್ರತಾ ಮಂಡಲಿಯು ಸುಮಾರು ೨,೫೦೦ ಇದ್ದ ಪಡೆಯನ್ನು ೨೭೦ಕ್ಕೆ ಇಳಿಸಲು ನಿರ್ಣಯಿಸಿತು. ಕೊನೆಗೆ ಜನಾಂಗಹತ್ಯೆಯನ್ನು ನಿಲ್ಲಿಸಿದುದು ದೇಶಭಕ್ತ ರಂಗದ ಸೈನ್ಯದ ಜಯ. ಅದು ಜುಲೈ ೪ರಂದು ಕಿಗಾಲಿಯನ್ನು ಹಿಡಿಯಿತು.

೩. ಬರಿದಾದ ರಾಜ್ಯ

ಹೊಸ ಸರಕಾರಕ್ಕೆ ದೊರೆತುದು ಹೆಸರಿಗಷ್ಟೇ ರಾಜ್ಯ. ಹಳೆಯ ಅಧಿಕಾರಿಗಳು ಖಜಾನೆಯ ಹಣವನ್ನು ಹೊತ್ತು ಓಡಿದ್ದರು. ಸುಮಾರು ೨೦ ಲಕ್ಷ ಜನ, ಅಪರಾಧಿಗಳೂ ನಿರಪರಾಧಿಗಳೂ ಬೆರೆತು, ಝೈರ್ (ಇಂದಿನ ಕಾಂಗೋ), ಟಾಂಜಾನಿಯಾ ಮೊದಲಾದ ದೇಶಗಳನ್ನು ಸೇರಿದ್ದರು. ಗೋಮಾದ ಶಿಬಿರಗಳಲ್ಲಿ ವಾಂತಿಭೇದಿಯಿಂದ ಸಹಸ್ರಾರು ಜನ ಸತ್ತರು. ಇತ್ತ ೧೯೫೯ರಿಂದ ಹೊರಗಿದ್ದ ಹಳೆಯ ನಿರಾಶ್ರಿತರು ಲಕ್ಷಗಟ್ಟಲೆಯಾಗಿ ಮರಳಿ, ಬರಿದಾಗಿದ್ದ ಮನೆಹೊಲಗಳಲ್ಲಿ ನೆಲೆಸಿದರು. ೧೯೯೬ರ ಕೊನೆಯಲ್ಲಿ ಹೊಸ ನಿರಾಶ್ರಿತರೂ ತಿರುಗಿ ಬಂದಾಗ ಒಂದೇ ಹೊಲಕ್ಕೆ ಇಬ್ಬರು ಒಡೆಯರಾದರು. ಗಂಡಸರು ಸತ್ತು, ಓಡಿ, ಸೆರೆಸೇರಿ ಹೋದುದರಿಂದ ಅನೇಕ ಸಂಸಾರಗಳ ಭಾರವು ವಿಧವೆಯರ ಮೇಲೂ, ಹದಿಹರೆಯದ ಮಕ್ಕಳ ಮೇಲೂ ಬಿದ್ದಿತು.

ನ್ಯಾಯಾಧೀಶರಲ್ಲಿಯೂ ವಕೀಲರಲ್ಲಿಯೂ ಬಹುಮಂದಿ ಸತ್ತಿದ್ದರು ಅಥವಾ ದೇಶ ಬಿಟ್ಟಿದ್ದರು. ಆದರೆ ಸೆರೆಮನೆಗಳು ತುಂಬುತ್ತಲೇ ಹೋದುವು. ಕೆಲವೇ ವರ್ಷಗಳಲ್ಲಿ ಬಂಧಿಗಳ ಸಂಖ್ಯೆ ೧,೨೦,೦೦೦ವನ್ನು ಮೀರಿತು. ಕೂಡಲು ಸ್ಥಳವಿಲ್ಲದೆ ಸರದಿಯ ಮೇಲೆ ನಿಂತು ನಿದ್ರಿಸಿದವರೂ, ರೋಗದಿಂದ ಅಳಿದವರೂ ಅನೇಕರು. ಅವರಲ್ಲಿ ಸುಳ್ಳು ದೂರಿಗೆ ಸಿಕ್ಕಿದವರೂ ಇದ್ದರೆಂಬುದರಲ್ಲಿ ಸಂದೇಹವಿಲ್ಲ. ೧೯೯೬ರ ಆಗಸ್ಟಿನಲ್ಲಿ ಅಪರಾಧಗಳನ್ನು ವರ್ಗಗಳಾಗಿ ವಿಂಗಡಿಸುವ ಕಾನೂನು ಬಂದಿತು. ಆ ವರ್ಷದ ಕೊನೆಗೆ ವಿಚಾರಣೆಗಳು ಮೊದಲಾದುವು. ೧೯೯೮ರ ಏಪ್ರಿಲ್ ೨೪ರಂದು ೨೨ ಅಪರಾಧಿಗಳನ್ನು ಬಹಿರಂಗವಾಗಿ ಗುಂಡಿಟ್ಟು ಕೊಲ್ಲಲಾಯಿತು. ಅಂತಹ ದಂಡನೆಯು ಮತ್ತೆ ನಡೆಯಲಿಲ್ಲ. ೨೦೦೭ರಲ್ಲಿ ಮರಣದಂಡನೆಯನ್ನೇ ಕಾನೂನಿನಿಂದ ತೆಗೆದುಹಾಕಲಾಯಿತು. ಆದರೂ ಸಾಧಾರಣ ನ್ಯಾಯಸ್ಥಾನಗಳ ವೇಗದಲ್ಲಿ ಎಲ್ಲ ಬಂಧಿಗಳ ವಿಚಾರಣೆಗೆ ನೂರು ವರ್ಷಗಳಿಗೂ ಮೇಲೆ ಬೇಕಾಗುವುದೆಂದು ಬಲ್ಲವರು ಲೆಕ್ಕ ಹಾಕಿದರು.

೪. ಅರುಷಾದ ನ್ಯಾಯಸ್ಥಾನ

ಕೊಲೆಗಳನ್ನು ತಡೆಯದೆಹೋದ ಭದ್ರತಾ ಮಂಡಲಿಯು ೧೯೯೪ರ ನವೆಂಬರ್ ೮ರಂದು ರುವಾಂಡಾಕ್ಕಾಗಿ ಅಂತರರಾಷ್ಟ್ರೀಯ ನ್ಯಾಯಸ್ಥಾನವೊಂದನ್ನು ಸ್ಥಾಪಿಸಿತು. ಆ ಕಾಲಕ್ಕೆ ಮಂಡಲಿಯ ಸದಸ್ಯನಾಗಿದ್ದ ರುವಾಂಡಾವೇ ನಿರ್ಣಯಕ್ಕೆ ವಿರುದ್ಧವಾಗಿ ಮತವಿತ್ತುದು ವಿಚಿತ್ರವೆನಿಸಿದರೂ ನಿಜ. ಮುಖ್ಯ ಅಪರಾಧಿಗಳಿಗೆ ಮರಣದಂಡನೆಯಿಲ್ಲವೆಂಬುದೂ, ೧೯೯೪ಕ್ಕೆ ಮುಂಚಿನ ಸಂಚುಗಳು ವಿಚಾರಣೆಗೆ ಒಳಪಡುವುದಿಲ್ಲವೆಂಬುದೂ ಅದರ ಆಕ್ಷೇಪಣೆಗಳಾಗಿದ್ದುವು. ನ್ಯಾಯಸ್ಥಾನವು ಸಂಧಿಯಾದ ಅದೇ ಅರುಷಾ ಪಟ್ಟಣದಲ್ಲಿ ಕುಳಿತಿತು.

ಅದರ ಮೊದಲ ತೀರ್ಪು ೧೯೯೮ರ ಸೆಪ್ಟೆಂಬರ್ ೨ರಂದು ಹೊರಬಿದ್ದಿತು. ಆರೋಪಿಯು ಜಾನ್ ಪಾಲ್ ಅಕಯೇಸು. ಮೊದಲು ಶಾಲೆಯ ಗುರುವಾಗಿದ್ದು ಆಮೇಲೆ ಟಾಬಾ ಎಂಬ ಪ್ರದೇಶದ ಮುಖ್ಯಾಧಿಕಾರಿಯಾಗಿದ್ದವನು. ಜನಾಂಗಹತ್ಯೆಯನ್ನು ಅಪರಾಧವೆಂದು ಸಾರಿದ ಲೋಕದ ಒಪ್ಪಂದವು ೧೯೪೮ರಲ್ಲಿಯೇ ಆಗಿದ್ದರೂ, ಆ ಅಪರಾಧಕ್ಕಾಗಿ ಅಂತರರಾಷ್ಟ್ರೀಯ ನ್ಯಾಯಸ್ಥಾನವೊಂದು ಒಬ್ಬನನ್ನು ದೋಷಿಯೆಂದು ನಿರ್ಣಯಿಸಿದುದು ಐವತ್ತು ವರ್ಷಗಳ ತರುವಾಯ ಇದೇ ಮೊದಲು. ವಿಚಾರಣೆಯ ನಡುವೆ ಸಾಕ್ಷಿಗೆ ಬಂದ ಹಳ್ಳಿಯ ಹೆಂಗಸರು ತಮ್ಮ ಮೇಲೆ ನಡೆದ ಮಾನಭಂಗವನ್ನು ಧೈರ್ಯದಿಂದ ನುಡಿದರು. ಆ ಮೇಲೆ ಆರೋಪಪತ್ರವನ್ನು ತಿದ್ದಲಾಯಿತು. ಮಾನಭಂಗವೂ ಜನಾಂಗಹತ್ಯೆಯ ಸಾಧನವಾಗಬಲ್ಲುದೆಂಬ ನ್ಯಾಯತತ್ವವು ಆ ಅನಾಮಿಕ ಹೆಂಗಸರ ಬಾಯಿಂದ ಹೊರಟು ಲೋಕದ ಕಾನೂನನ್ನು ಸೇರಿತು. ಎರಡು ದಿನಗಳ ಮೇಲೆ ಮಧ್ಯಂತರ ಸರಕಾರದ ಪ್ರಧಾನಮಂತ್ರಿಯಾಗಿದ್ದ ಜಾನ್ ಕಂಬಾಂಡಾನಿಗೆ ಜೀವಾವಧಿ ಶಿಕ್ಷೆಯಾಯಿತು. ಅವನು ತಪ್ಪನ್ನು ಒಪ್ಪಿಕೊಂಡಿದ್ದನು. ೨೦೦೩ರಲ್ಲಿ ರೇಡಿಯೋದಿಂದಲೂ ಪತ್ರಿಕೆಯಿಂದಲೂ ದ್ವೇಷವನ್ನು ಹರಡಿದವರು ದೋಷಿಗಳೆನಿಸಿದರು. ೨೦೧೫ರ ಡಿಸೆಂಬರ್ ೩೧ರಂದು ಬಾಗಿಲು ಮುಚ್ಚುವವರೆಗೆ ನ್ಯಾಯಸ್ಥಾನವು ೯೩ ಮಂದಿಯ ಮೇಲೆ ಆರೋಪ ಹೊರಿಸಿ, ೬೨ ಮಂದಿಗೆ ಶಿಕ್ಷೆ ವಿಧಿಸಿ, ೧೪ ಮಂದಿಯನ್ನು ಬಿಡುಗಡೆ ಮಾಡಿತು.

ಅದರ ಕೆಲಸವು ದೊಡ್ಡದು, ಆದರೆ ದೂರದ್ದು. ವೆಚ್ಚವು ನೂರು ಕೋಟಿ ಡಾಲರುಗಳನ್ನು ಮೀರಿತು. ಕಾಲವು ಇಪ್ಪತ್ತು ವರ್ಷಗಳನ್ನು ದಾಟಿತು. ಪರದೇಶದಲ್ಲಿ, ಪರಭಾಷೆಗಳಲ್ಲಿ ನಡೆದ ಆ ವಿಚಾರಣೆಯಿಂದ ಹಳ್ಳಿಯ ವಿಧವೆಗೆ ತನ್ನ ಗಂಡನ ಶವವು ಯಾವ ಗುಂಡಿಯಲ್ಲಿದೆಯೆಂಬ ಉತ್ತರವು ದೊರೆಯುವಂತಿರಲಿಲ್ಲ.

೫. ಹುಲ್ಲಿನ ಮೇಲಣ ನ್ಯಾಯ

ಆ ಉತ್ತರವು ಹಳ್ಳಿಯಲ್ಲಿಯೇ ಇದ್ದಿತು. ರುವಾಂಡಾದಲ್ಲಿ ಪೂರ್ವಕಾಲದಿಂದಲೂ ಊರ ಹಿರಿಯರು ಹುಲ್ಲಿನ ಮೇಲೆ ಕುಳಿತು ಹೊಲದ, ದನದ, ಸಂಸಾರದ ವ್ಯಾಜ್ಯಗಳನ್ನು ಬಗೆಹರಿಸುತ್ತಿದ್ದರು. ಹುಲ್ಲೆಂಬ ಅರ್ಥದ ಮಾತಿನಿಂದಲೇ ಆ ಪಂಚಾಯತಿಗೆ ಗಚಾಚಾ ಎಂಬ ಹೆಸರಾಯಿತು. ಕನ್ನಡ ನಾಡಿನ ಹಳ್ಳಿಗಳಲ್ಲಿ ಅರಳಿಕಟ್ಟೆಯ ಮೇಲೆ ಪಂಚರು ಕುಳಿತು ನ್ಯಾಯ ಹೇಳುತ್ತಿದ್ದುದನ್ನು ಬಲ್ಲ ವಾಚಕರಿಗೆ ಇದರ ಸ್ವರೂಪವನ್ನು ತಿಳಿಯುವುದು ಕಷ್ಟವಲ್ಲ. ದನ ಹೊಲಕ್ಕೆ ನುಗ್ಗಿದ ತಕರಾರನ್ನು ತೀರಿಸಲು ಹುಟ್ಟಿದ ಈ ಕಟ್ಟೆಯ ಮೇಲೆ ಜನಾಂಗಹತ್ಯೆಯ ವಿಚಾರಣೆಯನ್ನು ಇರಿಸುವುದು ಅತಿಸಾಹಸವೇ ಸರಿ. ಬೇರೆ ದಾರಿಯು ಕಾಣದುದರಿಂದ ರುವಾಂಡಾ ಆ ಸಾಹಸಕ್ಕೆ ಕೈಹಾಕಿತು.

೨೦೦೧ರಲ್ಲಿ ಕಾನೂನು ಆಯಿತು. ಆ ವರ್ಷದ ಅಕ್ಟೋಬರಿನಲ್ಲಿ ಜನರು ತಮ್ಮ ತಮ್ಮ ಊರುಗಳಲ್ಲಿ ೨,೫೦,೦೦೦ಕ್ಕೂ ಮೇಲ್ಪಟ್ಟು ಪಂಚರನ್ನು ಆರಿಸಿದರು. ಸತ್ಯವಂತರೆಂಬ ಅರ್ಥದ ಇನ್ಯಾಂಗಮುಗಾಯೋ ಎಂಬುದೇ ಅವರ ಪದವಿ. ಅವರು ಬೇಸಾಯಗಾರರು, ಗುರುಗಳು, ಮನೆವಾರ್ತೆಯ ಹೆಂಗಸರು. ಕಾನೂನು ಓದಿದವರಲ್ಲ, ಸಂಬಳ ಪಡೆಯುವವರೂ ಅಲ್ಲ. ೨೦೦೨ರ ಜೂನಿನಲ್ಲಿ ಕೆಲವು ಕಡೆ ಪ್ರಯೋಗವಾಗಿ, ೨೦೦೫ರಿಂದ ನಾಡಿನಾದ್ಯಂತ ಸುಮಾರು ೧೨,೦೦೦ ಕಟ್ಟೆಗಳು ಕೂಡಿದುವು. ವಾರದಲ್ಲಿ ಒಂದು ದಿನ ಊರಿಗೆ ಊರೇ ನೆರೆಯುತ್ತಿದ್ದಿತು. ಮೊದಲು ಸತ್ತವರ ಪಟ್ಟಿ, ಆಮೇಲೆ ಹಾಳಾದ ಸ್ವತ್ತಿನ ಪಟ್ಟಿ, ಕಡೆಗೆ ಆರೋಪಿಗಳ ಪಟ್ಟಿ, ಈ ಕ್ರಮದಲ್ಲಿ ಬರವಣಿಗೆ ನಡೆಯಿತು. ಸಂಚು ಹೂಡಿದ ನಾಯಕರನ್ನು ಮೊದಲು ಸಾಧಾರಣ ನ್ಯಾಯಸ್ಥಾನಗಳಿಗೇ ಬಿಟ್ಟು, ಕೈಯಾರೆ ಕೊಂದವರನ್ನೂ ಸ್ವತ್ತು ದೋಚಿದವರನ್ನೂ ಕಟ್ಟೆಯ ಮುಂದೆ ನಿಲ್ಲಿಸಲಾಯಿತು. ದೋಚಿದವನಿಗೆ ಸೆರೆಯಿಲ್ಲ, ಸ್ವತ್ತನ್ನು ತುಂಬಿಕೊಡಬೇಕು. ಕೊಂದವನು ತಪ್ಪನ್ನು ಒಪ್ಪಿ, ಜೊತೆಗಾರರನ್ನು ಹೆಸರಿಸಿ, ಶವವಿರುವ ಸ್ಥಳವನ್ನು ತೋರಿಸಿದರೆ ಶಿಕ್ಷೆಯು ಇಳಿಯುತ್ತಿದ್ದಿತು. ಅದರಲ್ಲಿಯೂ ಒಂದು ಪಾಲನ್ನು ಸೆರೆಯ ಹೊರಗೆ ರಸ್ತೆ ಕಡಿಯುವ, ಗುಡ್ಡಕ್ಕೆ ಮೆಟ್ಟಿಲುಬದು ಹಾಕುವ, ನೊಂದವರಿಗೆ ಮನೆ ಕಟ್ಟುವ ದುಡಿಮೆಯಿಂದ ತೀರಿಸಬಹುದಾಗಿದ್ದಿತು.

೨೦೧೨ರ ಜೂನ್ ೧೮ರಂದು ಈ ಕಟ್ಟೆಗಳ ಕೆಲಸವು ಮುಗಿಯುವ ಹೊತ್ತಿಗೆ ಸುಮಾರು ೧೯ ಲಕ್ಷ ಮೊಕದ್ದಮೆಗಳು ತೀರ್ಮಾನವಾಗಿದ್ದುವು. ಇದರಿಂದ ದೊರೆತ ಅತ್ಯಂತ ದೊಡ್ಡ ಫಲವು ಶಿಕ್ಷೆಯ ಲೆಕ್ಕದಲ್ಲಿಲ್ಲ. ಸಹಸ್ರಾರು ಸಂಸಾರಗಳಿಗೆ ತಮ್ಮವರು ಎಲ್ಲಿ, ಯಾರ ಕೈಯಿಂದ, ಹೇಗೆ ಸತ್ತರೆಂಬುದು ತಿಳಿಯಿತು. ಹೊಲದ ಬದುವಿನಿಂದಲೂ ಹಾಳುಗುಂಡಿಗಳಿಂದಲೂ ಎತ್ತಿದ ಎಲುಬುಗಳಿಗೆ ಗೌರವದ ಸಂಸ್ಕಾರವಾಯಿತು. ಸತ್ತವರಿಗಾಗಿ ಅಳುವುದಕ್ಕೂ ಒಂದು ಸ್ಥಳ ಬೇಕು. ಆ ಸ್ಥಳವನ್ನು ಕೊಟ್ಟುದು ಅರುಷಾದ ಪಂಡಿತರಲ್ಲ, ಊರವರು ಹುಲ್ಲಿನ ಮೇಲೆ ನುಡಿದ ಮಾತು.

ದೋಷಗಳನ್ನು ಮರೆಮಾಡುವುದು ಸತ್ಯಕ್ಕೆ ಸಲ್ಲದು. ಆರೋಪಿಗೆ ವಕೀಲನಿರಲಿಲ್ಲ. ಹಗೆ ತೀರಿಸಿಕೊಳ್ಳಲು, ಹೊಲ ಕಬಳಿಸಲು ಹೂಡಿದ ಸುಳ್ಳು ದೂರುಗಳಿದ್ದುವು. ಸಂಬಳವಿಲ್ಲದ ಪಂಚರಲ್ಲಿ ಲಂಚ ತಿಂದವರಿದ್ದರು. ತಾವೇ ಕೊಲೆಯಲ್ಲಿ ಪಾಲುಗೊಂಡವರೆಂದು ಸ್ಥಾನ ಕಳೆದುಕೊಂಡವರೂ ಇದ್ದರು. ಸಾಕ್ಷಿ ನುಡಿದ ಕಾರಣಕ್ಕಾಗಿ ಕೊಲೆಯಾದವರುಂಟು. ಇಳಿಸಿದ ಶಿಕ್ಷೆಯ ಆಸೆಯಿಂದ ಬಾಯಿಪಾಠದಂತೆ ಕ್ಷಮೆ ಕೇಳಿದವರೂ ಇದ್ದರು. ಸ್ವತ್ತಿನ ಪರಿಹಾರವು ತೀರ್ಪಿನಲ್ಲಿ ಬರೆದಷ್ಟು ಕೈಗೆ ಬರಲಿಲ್ಲ. ತೆರಬೇಕಾದವನೂ ಬಡವನೇ ಆಗಿದ್ದನು.

೬. ನಾಡು ಕಟ್ಟಿದ ಬಗೆ

ನ್ಯಾಯದ ಜೊತೆಜೊತೆಯಲ್ಲಿಯೇ ಕಟ್ಟುವ ಕೆಲಸವೂ ನಡೆಯಿತು. ಗುರುತಿನ ಚೀಟಿಯಿಂದ ಪಂಗಡದ ಸಾಲನ್ನು ಅಳಿಸಿದುದು ಅದರ ಮೊದಲ ಹೆಜ್ಜೆ. ತಿಂಗಳ ಕೊನೆಯ ಶನಿವಾರದ ಬೆಳಗ್ಗೆ ಊರವರೆಲ್ಲರೂ ಕೂಡಿ ರಸ್ತೆ, ಶಾಲೆ, ಚರಂಡಿಗಳ ಕೆಲಸ ಮಾಡುವ ಉಮುಗಾಂಡಾ ಎಂಬ ಪದ್ಧತಿಯನ್ನು ಎತ್ತಿ ನಿಲ್ಲಿಸಲಾಯಿತು. ಕೊಲೆಯ ದಿನಗಳಲ್ಲಿ ಕೊಲೆಗೇ ಕೆಲಸವೆಂದು ಹೆಸರಿಟ್ಟು ಜನರನ್ನು ಕರೆದಿದ್ದರೆಂಬುದನ್ನು ನೆನೆದರೆ, ಕೂಡಿ ದುಡಿಯುವುದೆಂಬ ಮಾತಿಗೆ ಅದರ ಮಾನವನ್ನು ಮರಳಿಸುವುದೂ ಒಂದು ಪುನರ್ನಿರ್ಮಾಣವೇ.

ಹೆಂಗಸರು ಹೊತ್ತ ಭಾರವು ಬಹು ದೊಡ್ಡದು. ೧೯೯೫ರಲ್ಲಿ ಐವತ್ತು ಮಂದಿ ವಿಧವೆಯರು ಕೂಡಿ ಅವೆಗಾ ಎಂಬ ಸಂಘವನ್ನು ಕಟ್ಟಿ, ಅನಾಥರಿಗೂ ರೋಗಿಗಳಿಗೂ ಆಸರೆಯಾದರು. ಹೊಲಮನೆಗಳ ಮೇಲೆ ಹೆಣ್ಣುಮಕ್ಕಳಿಗೆ ಹಕ್ಕಿಲ್ಲದುದರಿಂದ ವಿಧವೆಯರು ಬೀದಿಗೆ ಬೀಳುವಂತಾದಾಗ, ೧೯೯೯ರ ಕಾನೂನು ಗಂಡುಹೆಣ್ಣುಗಳಿಗೆ ಸಮನಾದ ಆಸ್ತಿಹಕ್ಕನ್ನು ಕೊಟ್ಟಿತು. ೨೦೦೩ರ ಸಂವಿಧಾನವು ಅಧಿಕಾರಸ್ಥಾನಗಳಲ್ಲಿ ನೂರಕ್ಕೆ ಮೂವತ್ತನ್ನಾದರೂ ಸ್ತ್ರೀಯರಿಗೆ ಮೀಸಲಿಟ್ಟಿತು. ೨೦೦೮ರ ಚುನಾವಣೆಯಲ್ಲಿ ಪ್ರತಿನಿಧಿಸಭೆಯ ಅರ್ಧಕ್ಕಿಂತ ಹೆಚ್ಚು ಸ್ಥಾನಗಳು ಸ್ತ್ರೀಯರಿಗೆ ಬಂದುವು. ಲೋಕದಲ್ಲಿ ಹಾಗಾದುದು ಅದೇ ಮೊದಲು. ಮನೆಮನೆಯವರೂ ಸ್ವಲ್ಪ ಸ್ವಲ್ಪ ಹಣ ಕಟ್ಟಿ ಪಡೆಯುವ ಆರೋಗ್ಯ ವಿಮೆಯು ಹಳ್ಳಿಗಳನ್ನು ಮುಟ್ಟಿತು. ಸರಾಸರಿ ಆಯುಷ್ಯವು ೬೫ ವರ್ಷಗಳನ್ನು ಮೀರಿತು.

ಮನಸ್ಸುಗಳು ಎಷ್ಟು ಕೂಡಿದುವೆಂಬುದಕ್ಕೆ ಅಳತೆಗೋಲಿಲ್ಲ. ಆದರೆ ಇಗರ್ಜಿಯನ್ನು ಕೆಡವಿದ ಅದೇ ನ್ಯಾಂಗೆಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ೧೯೯೭ರ ಮಾರ್ಚ್ ೧೮ರಂದು ಗಡಿಯಾಚೆಯಿಂದ ನುಸುಳಿದ ಹಳೆಯ ಪಡೆಯವರು ಅಲ್ಲಿಯ ಶಾಲೆಗೆ ನುಗ್ಗಿ, ಹುಟು ಮಕ್ಕಳು ಒಂದು ಕಡೆಗೂ ಟುಟ್ಸಿ ಮಕ್ಕಳು ಮತ್ತೊಂದು ಕಡೆಗೂ ನಿಲ್ಲಬೇಕೆಂದು ಗದರಿಸಿದರು. ಮಕ್ಕಳು ಬೇರ್ಪಡಲಿಲ್ಲ, ತಾವೆಲ್ಲರೂ ರುವಾಂಡಾದವರೆಂದರು. ಗುಂಡಿಗೂ ಸಿಡಿಮದ್ದಿಗೂ ಆರು ಮಂದಿ ಅಲ್ಲಿಯೇ ಬಲಿಯಾದರು. ಗುರುತಿನ ಚೀಟಿಯು ಅರವತ್ತು ವರ್ಷ ಕಲಿಸಿದ ಪಾಠವನ್ನು ಆ ಮಕ್ಕಳು ಒಂದು ರಾತ್ರಿ ಒಪ್ಪದೆ ನಿಂತರು. ದೇಶವು ಅವರನ್ನು ವೀರರ ಸಾಲಿನಲ್ಲಿ ಸೇರಿಸಿದೆ. ಫೆಲಿಸಿತೆ ನಿಯಿಟೆಗೆಕಾಳ ಹೆಸರೂ ಅದೇ ಸಾಲಿನಲ್ಲಿದೆ.

೭. ತೀರದ ಬಾಕಿ

ಇಷ್ಟಾದರೂ ಲೆಕ್ಕವು ಪೂರ್ಣವಾಗಿ ತೀರಲಿಲ್ಲ. ಜಯ ಪಡೆದ ಸೈನ್ಯದವರೂ ೧೯೯೪ರಲ್ಲಿಯೂ ಆ ಬಳಿಕವೂ ನಿರಾಯುಧರನ್ನು ಕೊಂದುದುಂಟು. ಜನಾಂಗಹತ್ಯೆಗೆ ಅದು ಸಮನಲ್ಲ; ಆದರೂ ಸತ್ತವರ ಮನೆಯ ದುಃಖಕ್ಕೆ ಹೆಚ್ಚುಕಡಮೆಯಿಲ್ಲ. ಅರುಷಾದಲ್ಲಿ ಆ ಪಕ್ಷದ ಒಬ್ಬನ ಮೇಲೂ ಆರೋಪ ಬರಲಿಲ್ಲ. ಗಚಾಚಾ ಕಟ್ಟೆಗೆ ಆ ವಿಚಾರವನ್ನೇ ತರುವಂತಿರಲಿಲ್ಲ. ದೇಶದ ಸೈನಿಕ ನ್ಯಾಯಸ್ಥಾನಗಳ ಮುಂದೆ ನಿಂತವರು ಕೆಲವೇ ಜನ. ೧೯೯೬ರಿಂದ ಕಾಂಗೋ ದೇಶಕ್ಕೆ ಹಬ್ಬಿದ ಯುದ್ಧಗಳಲ್ಲಿ ಹುಟು ನಿರಾಶ್ರಿತರ ಮೇಲೆ ನಡೆದ ಕ್ರೌರ್ಯವನ್ನು ವಿಶ್ವಸಂಸ್ಥೆಯ ೨೦೧೦ರ ವರದಿಯು ದಾಖಲಿಸಿದರೂ ಅದಕ್ಕೆ ತಕ್ಕ ವಿಚಾರಣೆಯಾಗಲಿಲ್ಲ. ಸರಕಾರವನ್ನು ವಿರೋಧಿಸಿ ನುಡಿಯುವವರಿಗೆ ಆ ನಾಡಿನಲ್ಲಿ ಅವಕಾಶವು ಕಿರಿದೆಂಬ ದೂರು ನಿಂತಿಲ್ಲ. ಒಂದು ಪಕ್ಷದ ಕಣ್ಣೀರನ್ನು ಮಾತ್ರ ಎಣಿಸುವ ನ್ಯಾಯವು ಎಷ್ಟೇ ದೊಡ್ಡದಾದರೂ ಅರ್ಧವೆಂದೇ ಹೇಳಬೇಕಾಗುತ್ತದೆ.

ಸತ್ಯವನ್ನು ಮುಚ್ಚಿಡುವ ಅಭ್ಯಾಸವೂ ಪೂರ್ತಿ ಅಳಿಯಲಿಲ್ಲ. ೨೦೧೮ರಲ್ಲಿ ಕಿಗಾಲಿಯ ಹೊರವಲಯದಲ್ಲಿ ಸಹಸ್ರಾರು ಜನರ ಅವಶೇಷಗಳಿದ್ದ ಗುಂಡಿಗಳು ಹೊರಬಿದ್ದುವು. ಅವುಗಳ ಮೇಲೆ ಮನೆಗಳೆದ್ದಿದ್ದುವು. ಬಲ್ಲವರು ೨೪ ವರ್ಷ ಬಾಯಿಬಿಟ್ಟಿರಲಿಲ್ಲ.

ಉಪಸಂಹಾರ

ರುವಾಂಡಾದ ಇತಿಹಾಸವು ಯಾವ ನಾಡಿಗೂ ಸಿದ್ಧ ಔಷಧವನ್ನು ಕೊಡುವುದಿಲ್ಲ. ದೂರದ ದೊಡ್ಡ ನ್ಯಾಯಸ್ಥಾನವು ಮಂತ್ರಿಯನ್ನೂ ಅಧಿಕಾರಿಯನ್ನೂ ಕಟಕಟೆಗೆ ತಂದು, ಆಳುವವರೂ ಕಾನೂನಿಗೆ ಒಳಗೆಂದು ತೋರಿಸಿತು. ಆದರೆ ಹಳ್ಳಿಯ ಕಣ್ಣೀರು ಅದರ ಕೈಗೆ ಎಟುಕಲಿಲ್ಲ. ದೇಶದ ನ್ಯಾಯಸ್ಥಾನಗಳು ಕ್ರಮವನ್ನು ಉಳಿಸಿದುವು. ಸಂಖ್ಯೆಯ ಭಾರಕ್ಕೆ ಕುಗ್ಗಿದುವು. ಹುಲ್ಲಿನ ಮೇಲಣ ಪಂಚರು ಸತ್ಯವನ್ನು ಹೊರತೆಗೆದರು. ಪಕ್ಷಪಾತದಿಂದಲೂ ಭಯದಿಂದಲೂ ಪೂರ್ತಿ ದೂರವಾಗಲಿಲ್ಲ. ಮೂರೂ ಕೂಡಿ ಮಾಡಿದ ಕೆಲಸವನ್ನು ಯಾವ ಒಂದೂ ಒಂಟಿಯಾಗಿ ಮಾಡಲಾರದಿದ್ದಿತು.

ಇವೆಲ್ಲವುಗಳ ನಡುವೆ ಒಂದು ಮಾತು ಸ್ಥಿರವಾಗಿ ನಿಲ್ಲುತ್ತದೆ. ನೊಂದವರು ಮೊದಲು ಕೇಳಿದುದು ಸೇಡಲ್ಲ, ಹಣವೂ ಅಲ್ಲ. ನಡೆದುದನ್ನು ನಡೆದಂತೆ ಹೇಳಿರೆಂಬುದೇ ಅವರ ಮೊದಲ ಬೇಡಿಕೆಯಾಗಿದ್ದಿತು. ಕ್ಷಮಿಸುವುದೂ ಬಿಡುವುದೂ ಅವರ ಹಕ್ಕು. ಅದನ್ನು ಅಪ್ಪಣೆಯಿಂದ ಪಡೆಯಲಾಗದು. ಆದರೆ ಸತ್ಯವನ್ನು ನುಡಿಯುವುದು ಊರಿನವರೆಲ್ಲರ ಹೊಣೆ. ೨೦೨೩ರಲ್ಲಿ ನ್ಯಾಮಾಟಾ, ಮುರಂಬಿ, ಗಿಸೋಜಿ, ಬಿಸೆಸೆರೋ ಎಂಬ ಸ್ಮಾರಕಗಳು ಲೋಕದ ಪರಂಪರೆಯ ಪಟ್ಟಿಯನ್ನು ಸೇರಿದುವು. ನ್ಯಾಮಾಟಾದ ಇಗರ್ಜಿಯಲ್ಲಿ ಸತ್ತವರ ಬಟ್ಟೆಗಳನ್ನು ಇಂದಿಗೂ ಹಾಗೆಯೇ ಕಾಯ್ದಿರಿಸಿದ್ದಾರೆ. ಆಶ್ರಯವನ್ನು ಬೇಡಿ ಬಂದವರಿಗೆ ಬಾಗಿಲು ತೆರೆದಿಡುವ ಹೊಣೆಯನ್ನು ಹೊತ್ತ ಸರ್ವರೂ, ಅವರು ಯಾವ ಧರ್ಮದವರಾಗಲಿ, ಆ ಬಟ್ಟೆಗಳನ್ನು ಒಮ್ಮೆ ಮನಸ್ಸಿನಲ್ಲಿ ನೆನೆಯುವುದು ಯುಕ್ತವಾಗಿದೆ.